ಹಾಲು-ಮೊಟ್ಟೆಗಳಿಲ್ಲದ ಚಾಕೊಲೇಟ್ ಕೇಕು

ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಕೋಟೆ ಪ್ರದೇಶದ ಕಚೇರಿಗೆ ಒಯ್ದು ಸಹೋದ್ಯೋಗಿಗಳಿಗೆ ಹಂಚಲು ಕೆನೆಯಿಲ್ಲದ ಈ ಕೇಕು ಅನುಕೂಲವಾದುದು. ಮೈದಾ, ಸಕ್ಕರೆ, ಕೋಕೋ ಪುಡಿ, ಎಣ್ಣೆ, ನೀರು ಇಷ್ಟೇ ಸಾಮಗ್ರಿ. ಅಡಿಗೆ ಸೋಡಾ ನಿಂಬೆರಸದೊಡನೆ ಬೆರೆತಾಗ ಹುಟ್ಟುವ ಅನಿಲವೇ ಮೊಟ್ಟೆಯ ಬದಲು ಹಿಟ್ಟನ್ನು ಉಬ್ಬಿಸುತ್ತದೆ; ಕಲಸಿದೊಡನೆ ಬೇಯಿಸತಕ್ಕದ್ದು. ಮಧುಮೇಹಿಗಳಿಗೆ ಮಾತ್ರ ಇದೂ ಸಕ್ಕರೆಯ ತಿಂಡಿಯೇ.

ಹಾಲಿನ ಸಕ್ಕರೆ ಜೀರ್ಣವಾಗದವರಿಗೆ ಹೊಟ್ಟೆಯುಬ್ಬರವಾದೀತು. ಹಾಲಿನ ಪ್ರೋಟೀನಿನ ಅಲರ್ಜಿಯುಳ್ಳವರಿಗಾದರೋ ಒಂದು ತುಣುಕೂ ಉಸಿರಾಟಕ್ಕೇ ತೊಂದರೆಯುಂಟುಮಾಡಬಲ್ಲದು. ಪೊಟ್ಟಣದ ಹಸಿರು ಚುಕ್ಕೆಯನ್ನು ಹಲವರು ನಂಬುವರು. ಅದು ಸಸ್ಯಾಹಾರದ ಗುರುತು, ಹಾಲಿಲ್ಲವೆಂಬುದಕ್ಕೆ ಆಧಾರವಲ್ಲ. ಹಾಲನ್ನೂ ವರ್ಜಿಸಿದ ವೀಗನ್ ಆಹಾರಕ್ಕೆ 2022ರ ಕೇಂದ್ರ ನಿಯಮಾವಳಿಯಲ್ಲಿ ಬೇರೆ ಚಿಹ್ನೆಯುಂಟು. ಚಾಕೊಲೇಟ್ ಕೊಳ್ಳುವಾಗ ಸಾಮಗ್ರಿಗಳ ಪಟ್ಟಿಯನ್ನೇ ಓದಬೇಕು. ತಟ್ಟೆಗೆ ಬೆಣ್ಣೆಯ ಬದಲು ಎಣ್ಣೆ ಸವರಿ, ಹಂಚುವ ಡಬ್ಬಿಯ ಮೇಲೆ ಬಳಸಿದುದೆಲ್ಲವನ್ನೂ ಬರೆದಂಟಿಸುವುದು ಒಳ್ಳೆಯದು.