ನಾಯಿಮರಿಯ ಮೊದಲ ಉಸಿರು

ಪ್ರಾಣಿಗಳು ತಮ್ಮ ಮರಿಗಳನ್ನು ತಾವೇ ನೋಡಿಕೊಳ್ಳುತ್ತವೆ, ನಮ್ಮ ನೆರವು ಅವಕ್ಕೆ ಬೇಡ ಎಂಬ ಮಾತು ಬಹುಮಟ್ಟಿಗೆ ನಿಜ. ತಾಯಿನಾಯಿ ಮರಿಯ ಮೈ ಮುಚ್ಚಿರುವ ಪೊರೆಯನ್ನು ಹರಿದು, ಹೊಕ್ಕುಳಬಳ್ಳಿಯನ್ನು ಕಡಿದು, ನೆಕ್ಕಿ ನೆಕ್ಕಿ ಅದರ ಉಸಿರನ್ನು ಎಬ್ಬಿಸುತ್ತದೆ. ಆದರೆ ಚೊಚ್ಚಲ ನಾಯಿ ಗಾಬರಿಗೊಂಡಾಗ, ಇಲ್ಲವೆ ನೋವು ತಿಂದು ಬಳಲಿದಾಗ, ಈ ಕೆಲಸ ತಪ್ಪಿಹೋಗುವುದುಂಟು. ಆಗ ಮಿಸುಕದೆ ಬಿದ್ದಿರುವ ಮರಿಯನ್ನು ‘ಸತ್ತೇ ಹುಟ್ಟಿತು’ ಎಂದು ತಿಪ್ಪೆಗೆ ಹಾಕಿಬಿಡುವುದನ್ನು ನಾನು ಕಂಡಿದ್ದೇನೆ. ಮಿಸುಕದಿರುವುದೂ ಸಾವೂ ಒಂದೇ ಅಲ್ಲ. ಇವೆರಡರ ಅಂತರವನ್ನು ಗುರುತಿಸುವ ಬಗೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

೧೯೫೩ರಲ್ಲಿ ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗಾರ್ ಅವರು ಹಸುಗೂಸಿನ ಸ್ಥಿತಿಯನ್ನು ಅಳೆಯುವ ಅಂಕಪದ್ಧತಿಯೊಂದನ್ನು ಪ್ರಕಟಿಸಿದರು. ೨೦೦೯ರಲ್ಲಿ ಇಟಲಿಯ ಪಶುವೈದ್ಯ ಸಂಶೋಧಕರು ಅದನ್ನು ನಾಯಿಮರಿಗಳಿಗೆ ಹೊಂದಿಸಿದರು. ಎದೆಬಡಿತ, ಉಸಿರು, ಪಂಜದ ತುದಿಯನ್ನು ಒತ್ತಿದಾಗ ತೋರುವ ಪ್ರತಿಕ್ರಿಯೆ, ಮೈಯ ಚಲನೆ, ವಸಡಿನ ಬಣ್ಣ ಈ ಐದಕ್ಕೂ ತಲಾ ೦ಯಿಂದ ೨ರ ವರೆಗೆ ಅಂಕ. ಹತ್ತಕ್ಕೆ ೭ ಅಥವಾ ಹೆಚ್ಚು ಬಂದರೆ ಕ್ಷೇಮ. ೪ರಿಂದ ೬ ಬಂದರೆ ನೆರವು ಬೇಕು. ೩ ಅಥವಾ ಅದಕ್ಕೂ ಕಡಿಮೆಯಾದರೆ ಪ್ರಾಣಾಪಾಯ. ನಮ್ಮ ಪರೀಕ್ಷೆಗಳಿಗಾದರೋ ವರ್ಷವೆಲ್ಲ ಕಾಲಾವಕಾಶವಿದೆ. ಈ ಬಡಪಾಯಿಯ ಪರೀಕ್ಷೆ ಹುಟ್ಟಿದ ಐದು ನಿಮಿಷದೊಳಗೇ ಮುಗಿಯಬೇಕು!

ನಿಮಿಷಕ್ಕೆ ೧೫ಕ್ಕಿಂತ ಹೆಚ್ಚು ಸಲ ಉಸಿರಾಡುತ್ತ ಕುಂಯ್‌ಗುಟ್ಟುವ ಮರಿಗೆ ಉಸಿರಿನ ಪೂರ್ಣಾಂಕ. ೬ಕ್ಕಿಂತ ಕಡಿಮೆಯಾದರೆ ಸೊನ್ನೆ. ಮುಂಗಾಲುಗಳ ಹಿಂದೆ ಎದೆಯನ್ನು ಎರಡು ಬೆರಳುಗಳ ನಡುವೆ ಮೆಲ್ಲನೆ ಹಿಡಿದರೆ ಬಡಿತ ತಿಳಿಯುತ್ತದೆ. ಅದು ನಿಮಿಷಕ್ಕೆ ೨೨೦ಕ್ಕೂ ಮಿಕ್ಕಿದ್ದರೆ ಉತ್ತಮ. ೧೮೦ಕ್ಕಿಂತ ಇಳಿದರೆ ಅಂಕವಿಲ್ಲ. ವಸಡು ಗುಲಾಬಿಯಾಗಿರಬೇಕು, ನೀಲಿಗಟ್ಟಿದ್ದರೆ ಪ್ರಾಣವಾಯು ಸಾಲದೆಂದು ಅರ್ಥ. ಇಲ್ಲೊಂದು ಸೂಕ್ಷ್ಮವಿದೆ. ಮರಿಯ ಎದೆಬಡಿತ ನಿಧಾನವಾಗುವುದು ಬಹುತೇಕ ಹೃದಯದ ದೋಷದಿಂದಲ್ಲ, ಪ್ರಾಣವಾಯುವಿನ ಕೊರತೆಯಿಂದ. ಉಸಿರು ಸರಿಹೋದರೆ ಬಡಿತ ತಾನಾಗಿ ಏರುತ್ತದೆ. ಆದ್ದರಿಂದ ಕ್ಷೀಣವಾದ ಬಡಿತವಿದ್ದರೂ ಕೈಬಿಡತಕ್ಕದ್ದಲ್ಲ.

ಉಸಿರಾಡದ ಮರಿಯ ಮುಂದೆ ಅಂಕ ಬರೆಯುತ್ತ ಕೂರುವುದೂ ತರವಲ್ಲ. ಮೊದಲು ಮುಖದ ಮೇಲಿನ ಪೊರೆಯನ್ನು ತೆಗೆದು, ತಲೆ ಸ್ವಲ್ಪ ಕೆಳಗಿರುವಂತೆ ಹಿಡಿದು, ಬಾಯಿ ಮೂಗುಗಳ ಲೋಳೆಯನ್ನು ಒರೆಸಬೇಕು. ಬಳಿಕ ಒಣಬಟ್ಟೆಯಿಂದ ಬೆನ್ನು ಪಕ್ಕೆಗಳನ್ನು ಬಿಡದೆ ಉಜ್ಜಬೇಕು. ತಾಯಿಯ ನಾಲಗೆ ಮಾಡುವ ಕೆಲಸವೇ ಇದು. ಮರಿಯನ್ನು ಹಿಡಿದು ಬೀಸುವ ಹಳೆಯ ಪದ್ಧತಿಯಿಂದ ಮಿದುಳಿಗೆ ಪೆಟ್ಟಾಗಬಹುದು. ಅದನ್ನು ಪಶುವೈದ್ಯರು ಈಗ ನಿಷೇಧಿಸುತ್ತಾರೆ. ಇಷ್ಟಕ್ಕೂ ಚೇತರಿಸದಿದ್ದರೆ ಉಜ್ಜುವುದನ್ನು ನಿಲ್ಲಿಸದೆ ವೈದ್ಯರಿಗೆ ಹೇಳಿಕಳುಹಿಸಬೇಕು.

ಉಸಿರು ಬಂದ ಮೇಲೆ ಬೇಕಾದುದು ಬಿಸಿ. ಎಳೆಯ ಮರಿಗೆ ನಡುಗಿ ಮೈ ಕಾಯಿಸಿಕೊಳ್ಳುವ ಶಕ್ತಿಯಿಲ್ಲ. ತಣ್ಣಗಾದ ಮರಿಗೆ ಮರುಕದಿಂದ ಹಾಲು ಕುಡಿಸುವವರುಂಟು. ಆದರೆ ಅಂಥದರ ಕರುಳು ಕೆಲಸಮಾಡದು, ಹಾಲು ಶ್ವಾಸಕೋಶವನ್ನು ಸೇರುವ ಭಯವೂ ಉಂಟು. ಮೊದಲು ಮೈ ಬೆಚ್ಚಗಾಗಲಿ, ಆಮೇಲೆ ಮೊಲೆಗೆ ಹಿಡಿಸೋಣ. ರೋಗನಿರೋಧಕ ಶಕ್ತಿಯನ್ನು ಕೊಡುವ ಗಿಣ್ಣುಹಾಲು ಮೊದಲ ದಿನವೇ ಹೊಟ್ಟೆ ಸೇರಬೇಕು. ಅನಂತರ ಕರುಳು ಆ ಸತ್ತ್ವವನ್ನು ಹೀರಿಕೊಳ್ಳಲಾರದು. ಮುಂದೆ ದಿನವೂ ತೂಗಿ ನೋಡುವುದು ಒಳ್ಳೆಯದು. ಆರೋಗ್ಯವಂತ ಮರಿಯ ತೂಕ ಸುಮಾರು ಹತ್ತು ದಿನಗಳಲ್ಲಿ ಇಮ್ಮಡಿಯಾಗುತ್ತದೆ. ತೂಕ ಏರದಿರುವುದೇ ಕಾಯಿಲೆಯ ಮೊದಲ ಸೂಚನೆ.

ಇದಕ್ಕೆಲ್ಲ ಬೇಕಾದ ಸಲಕರಣೆ ಒಂದು ಒಣಬಟ್ಟೆ, ಎರಡು ಬೆರಳು, ಒಂದಿಷ್ಟು ತಾಳ್ಮೆ. ಇವು ಯಾರ ಮನೆಯಲ್ಲಿ ಇಲ್ಲ?