ನಿಧಾನವಾದ ಕಂಪ್ಯೂಟರಿಗೆ ಮನೆಮದ್ದು

ಊರಿನಲ್ಲಿರುವ ಅಜ್ಜಿಯ ಮುಖ ನೋಡಲೆಂದು ಮಕ್ಕಳು ಕಂಪ್ಯೂಟರ್ ಹಾಕುತ್ತಾರೆ. ಅದು ಏಳುವಷ್ಟರಲ್ಲಿ ಅಜ್ಜಿಗೆ ನಿದ್ದೆ ಹತ್ತಿರುತ್ತದೆ. ಅಹಮದಾಬಾದು, ವಡೋದರಾ, ಸೂರತ್ತುಗಳ ನಮ್ಮ ಮನೆಗಳಲ್ಲಿ ಇದು ನಿತ್ಯದ ಗೋಳು. "ಹಳೆಯದಾಯಿತು, ಹೊಸದು ಕೊಳ್ಳೋಣ" ಎಂದುಬಿಡುತ್ತೇವೆ. ಆದರೆ ನಿಧಾನಕ್ಕೆ ಮುಪ್ಪೊಂದೇ ಕಾರಣವಲ್ಲ.

ಮೊದಲನೆಯದು ಸೆಕೆ ಮತ್ತು ಧೂಳು. ೨೦೧೬ರ ಮೇ ೨೦ರಂದು ಅಹಮದಾಬಾದಿನ ಶಾಖ ೪೮ ಡಿಗ್ರಿ ಮುಟ್ಟಿದ್ದು ನೆನಪಿರಬಹುದು. ಪ್ರೊಸೆಸರ್ ಅತಿಯಾಗಿ ಕಾದರೆ ತನ್ನ ರಕ್ಷಣೆಗಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಗಾಳಿಕಿಂಡಿಗೆ ಧೂಳು, ಮಗ್ಗದ ಕೇರಿಗಳಲ್ಲಾದರೆ ನೂಲಿನ ಎಳೆ, ಅಡರಿದರಂತೂ ಕೇಳಬೇಕೆ? ಯಂತ್ರವನ್ನು ಆರಿಸಿ, ತಂತಿ ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ಶುಚಿಮಾಡಬೇಕು. ಗೋಡೆಯಿಂದ ಗೇಣುದೂರ ಇಡಬೇಕು.

ಎರಡನೆಯದು, ಕರೆಯದೆ ಬಂದ ನೆಂಟರು. ಯಂತ್ರ ಏಳುತ್ತಲೇ ತಾವೂ ಏಳುವ ಪ್ರೋಗ್ರಾಮುಗಳು ಹಲವು. ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, 'ಸ್ಟಾರ್ಟಪ್' ಪಟ್ಟಿಯಲ್ಲಿ ಬೇಡವಾದವನ್ನು ನಿಲ್ಲಿಸಬಹುದು. ವೈರಸ್ಸಿನಿಂದ ಕಾಯುವುದನ್ನು ಮಾತ್ರ ಮುಟ್ಟಬಾರದು.

ಮೂರನೆಯದು ಹಾರ್ಡ್ ಡಿಸ್ಕ್. ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುವ ತಟ್ಟೆಯ ಬದಲು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಯಂತ್ರಕ್ಕೂ ಚುರುಕು ಬರುತ್ತದೆ.

ಇದೆಲ್ಲಕ್ಕೂ ಮುಂಚೆ ಒಂದು ಮಾತುಂಟು. ಡಿಸ್ಕ್ ಕೆಡುವ ಮುನ್ನವೂ ಯಂತ್ರ ನಿಧಾನವಾಗುವುದುಂಟು. ಊರಿನ ಮದುವೆಯ ಚಿತ್ರಗಳು, ತೀರಿಹೋದ ಹಿರಿಯರ ಮಾತು ಅದರಲ್ಲಿಯೇ ಇವೆಯಲ್ಲವೆ? ಇಂದೇ ಬೇರೊಂದು ಡಿಸ್ಕಿಗೆ ನಕಲು ಮಾಡಿಡೋಣ. ಹೊಸ ಯಂತ್ರ ಪೇಟೆಯಲ್ಲಿ ಸಿಕ್ಕೀತು. ಅಜ್ಜನ ದನಿ ಯಾವ ಅಂಗಡಿಯಲ್ಲಿಯೂ ಸಿಗದು.