ನಾಲ್ಕು ನಿಮಿಷದ ವ್ಯಾಯಾಮ

ದಿನಕ್ಕೆ ನಾಲ್ಕು ನಿಮಿಷ ಸೈಕಲ್ ತುಳಿದರೆ ಸಾಕೆಂಬ ಮಾತು ವ್ಯಾಯಾಮಶಾಲೆಗಳಲ್ಲಿ ಪ್ರಚಾರದಲ್ಲಿದೆ. ಅದರ ಮೂಲವನ್ನು ವಾಚಕರು ಅರಿಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಜಪಾನಿನ ಇಜುಮಿ ತಬಾತ ಮತ್ತು ಸಂಗಡಿಗರು ಒಳಾಂಗಣದ ಸ್ಥಿರ ಸೈಕಲ್ಲಿನ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು 1996ರಲ್ಲಿ ಪ್ರಕಟಿಸಿದರು. ಒಂದು ತಂಡದವರು ವಾರಕ್ಕೆ ಐದು ದಿನ, ದಿನಕ್ಕೆ 60 ನಿಮಿಷ ಹದವಾಗಿ ತುಳಿದರು. ಇನ್ನೊಂದು ತಂಡದವರು 20 ಸೆಕೆಂಡು ಅತಿವೇಗದಿಂದ ತುಳಿದು 10 ಸೆಕೆಂಡು ವಿರಮಿಸುತ್ತ, ಏಳೆಂಟು ಆವೃತ್ತಿಗಳಲ್ಲಿ ಪೂರ್ಣವಾಗಿ ದಣಿದರು. ಆರು ವಾರಗಳಲ್ಲಿ ಉಭಯರಿಗೂ ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿ ವೃದ್ಧಿಸಿತು. ಆಮ್ಲಜನಕ ಸಾಲದ ಗಳಿಗೆಯಲ್ಲಿಯೂ ದುಡಿಯಬಲ್ಲ ಸಾಮರ್ಥ್ಯವಾದರೋ ಎರಡನೆಯವರಿಗೆ ಮಾತ್ರ ಶೇಕಡಾ 28ರಷ್ಟು ಹೆಚ್ಚಿತು.

ಫಲವು ಸತ್ಯವೇ. ಆದರೆ ಅವರು ವ್ಯಾಯಾಮಕ್ಕೆ ಪಳಗಿದ ತರುಣರು; ಅವರೂ ವಾರಕ್ಕೊಂದು ದಿನ ಅರ್ಧ ಗಂಟೆ ಹದವಾಗಿ ತುಳಿದವರೇ. ದಿನವೆಲ್ಲ ಕುರ್ಚಿ ಬಿಡದ ನಡುವಯಸ್ಸಿನ ಅಧಿಕಾರಿಗಳು ಒಮ್ಮೆಗೇ ಅವರನ್ನು ಅನುಕರಿಸಿದರೆ ಹೃದಯಕ್ಕೆ ಅಪಾಯ ತಟ್ಟೀತು. ಮೊದಲು ಕೆಲವು ತಿಂಗಳು ಮಾತನಾಡುತ್ತ ತುಳಿಯಬಹುದಾದಷ್ಟು ವೇಗವೇ ಸಾಕು; ಬಳಿಕ ವೈದ್ಯರನ್ನು ಕೇಳಿ ವೇಗದ ಆವೃತ್ತಿಗಳನ್ನು ಕೂಡಿಸಿಕೊಳ್ಳತಕ್ಕದ್ದು.

ಪ್ರಜೆಗಳ ದೇಹಬಲವು ದೇಶದ ಬಂಡವಾಳ. ಸಮಯ ಉಳಿಸುವ ಆತುರದಲ್ಲಿ ಅದನ್ನು ಜೂಜಿಗೊಡ್ಡುವುದು ವಿವೇಕವಲ್ಲ.